ಅಮಾನತ್ ಮತ್ತು ಅಮಾನತು: ಸರ್ಕಾರಿ ನೌಕರರ ನಾಯಕತ್ವ ತರಬೇತಿಯ ಚರಿತ್ರೆಯಿಂದ ಕೆಲವು ಪಾಠಗಳು

ಸರ್ಕಾರಿ ನೌಕರರಲ್ಲಿ ನಾಯಕತ್ವದ ಗುಣಗಳನ್ನು ಬೆಳೆಸಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ‘ಮಿಷನ್ ಕರ್ಮಯೋಗಿ’ ಎಂಬ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ಅಂದಿನಿಂದ ನೌಕರರು ತಮ್ಮ ಮೊಬೈಲ್ ಫೋನಿನಲ್ಲೇ ಪಾಠ ಕೇಳಿ, ಪರೀಕ್ಷೆ ಬರೆದು, ಪ್ರಮಾಣಪತ್ರ ಪಡೆಯುವ ಏರ್ಪಾಡಾಗಿದೆ. ನಮ್ಮ ರಾಜ್ಯದಲ್ಲಿ ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯೂ ಅದರ ಜಿಲ್ಲಾ ತರಬೇತಿ ಸಂಸ್ಥೆಗಳೂ ದಶಕಗಳಿಂದ ಈ ಕಾರ್ಯದಲ್ಲಿ ತೊಡಗಿವೆ. ಇದು ಒಳ್ಳೆಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಯಕತ್ವವೆಂದರೆ ಏನು, ಅದನ್ನು ಯಾರಿಗೆ ಕಲಿಸಬೇಕು, ಕಲಿತದ್ದು ಸಾರ್ಥಕವಾಯಿತೆಂದು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಗಳು ಉಳಿದೇ ಇವೆ. ಈ ಪ್ರಶ್ನೆಗಳು ಹೊಸವಲ್ಲ. ಇತಿಹಾಸದಲ್ಲಿ ಅವಕ್ಕೆ ಉತ್ತರ ಹುಡುಕಿದವರಿದ್ದಾರೆ. ಅವರಲ್ಲಿ ಕೆಲವರು ನಮ್ಮ ಕನ್ನಡ ನೆಲದವರೇ.

ನಾವು ಈ ವಿಷಯವನ್ನು ಉಳವಿಯಲ್ಲಿ ನಿಂತು ನೋಡಬಯಸುತ್ತೇವೆ. ಉಳವಿ ಎಂದೊಡನೆ ಅನೇಕರಿಗೆ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿರುವ, ಚನ್ನಬಸವಣ್ಣನವರ ಕ್ಷೇತ್ರ ನೆನಪಾಗುತ್ತದೆ. ನಾವು ಹೇಳುತ್ತಿರುವುದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಉಳವಿಯ ಕುರಿತು. ಇದೊಂದು ಹೋಬಳಿಯ ಕೇಂದ್ರ. ಇಂತಹ ಊರಿನಲ್ಲಿ ಸರ್ಕಾರವೆಂದರೆ ವಿಧಾನಸೌಧವಲ್ಲ. ಸರ್ಕಾರವೆಂದರೆ ನಾಡಕಚೇರಿಯ ಕಿಟಕಿ, ಗ್ರಾಮ ಪಂಚಾಯಿತಿಯ ಮೇಜು, ಪಡಿತರದ ಸಾಲು. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಪೌತಿ ಖಾತೆಗಾಗಿ ಬರುತ್ತಾಳೆ. ತಲೆಮಾರುಗಳಿಂದ ಬಗರ್ ಹುಕುಂ ಸಾಗುವಳಿ ಮಾಡಿದ ರೈತ ತನ್ನ ಅರ್ಜಿ ಎಲ್ಲಿಗೆ ಬಂತೆಂದು ಕೇಳಲು ಬರುತ್ತಾನೆ. ಅವರನ್ನು ಎದುರುಗೊಳ್ಳುವ ನೌಕರನ ನಡೆಯೇ ಅವರ ಪಾಲಿಗೆ ರಾಜ್ಯದ ನಡೆ. ಆದುದರಿಂದ ನಾಯಕತ್ವದ ತರಬೇತಿಯ ಯಶಸ್ಸನ್ನು ಅಳೆಯಬೇಕಾದ ಸ್ಥಳ ಮಸ್ಸೂರಿಯೂ ಅಲ್ಲ, ಮೈಸೂರೂ ಅಲ್ಲ, ಈ ಕಿಟಕಿಯೇ.

ಶಿಸ್ತು ಎಂಬ ಮಾತಿನ ಮೂಲ

ಈ ಸೀಮೆಗೆ ಆಡಳಿತವೂ ವಿದ್ಯೆಯೂ ಹೊಸದಾಗಿ ಬಂದವಲ್ಲ. ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು, ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ವಿದ್ಯಾರ್ಜನೆಗಾಗಿ ಕಂಚಿಯ ಘಟಿಕೆಗೆ ಹೋದ ವೃತ್ತಾಂತವನ್ನು ತಿಳಿಸುತ್ತದೆ. ಅದೇ ತಾಲ್ಲೂಕಿನ ಬಳ್ಳಿಗಾವೆಯು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿತ್ತು. ಅಲ್ಲಿನ ಕೋಡಿಯ ಮಠವು ನಾನಾ ಶಾಸ್ತ್ರಗಳ ಅಧ್ಯಯನಕ್ಕೂ, ದೀನರಿಗೂ ರೋಗಿಗಳಿಗೂ ಆಶ್ರಯ ನೀಡುವುದಕ್ಕೂ ಹೆಸರಾಗಿತ್ತೆಂದು 1162ರ ಶಾಸನ ಸಾರುತ್ತದೆ. ವಿದ್ಯೆಯ ಮನೆಯೇ ಅನ್ನದ ಮನೆಯೂ ಔಷಧದ ಮನೆಯೂ ಆಗಿತ್ತೆಂಬುದು ಗಮನಿಸತಕ್ಕ ಸಂಗತಿ.

ಮುಂದೆ ಈ ಮಲೆನಾಡು ಕೆಳದಿ ಅರಸರ ಆಳ್ವಿಕೆಗೆ ಒಳಪಟ್ಟಿತು. ಹದಿನೇಳನೆಯ ಶತಮಾನದ ನಡುವೆ ಆಳಿದ ಶಿವಪ್ಪ ನಾಯಕನ ಭೂಕಂದಾಯದ ಕ್ರಮವನ್ನು ‘ಶಿಸ್ತು’ ಎಂದೇ ಕರೆಯುತ್ತಾರೆ. ಅವನು ಕಂದಾಯವನ್ನು ನಿಗದಿಪಡಿಸುವ ಮುನ್ನ ಹನ್ನೆರಡು ವರ್ಷಗಳ ಕಾಲ ಬಗೆಬಗೆಯ ಭೂಮಿಗಳನ್ನು ತಾನೇ ಸಾಗುವಳಿ ಮಾಡಿಸಿ, ಬೀಜವೆಷ್ಟು, ಕೂಲಿಯೆಷ್ಟು, ಬೆಳೆಯೆಷ್ಟು ಎಂದು ಲೆಕ್ಕವಿಡಿಸಿದನೆಂದು ಹೇಳಲಾಗುತ್ತದೆ. ಪರರ ಮೇಲೆ ಹೊರಿಸುವ ಭಾರವನ್ನು ಮೊದಲು ತಾನು ಹೊತ್ತು ನೋಡುವುದು ಆ ಪದ್ಧತಿಯ ತಿರುಳು. ಇಂದು ಸರ್ಕಾರಿ ಕಚೇರಿಗಳಲ್ಲಿ ‘ಶಿಸ್ತು ಕ್ರಮ’ ಎಂದರೆ ತಪ್ಪಿತಸ್ಥ ನೌಕರನಿಗೆ ವಿಧಿಸುವ ದಂಡನೆ. ಆಳುವವನು ತನಗೆ ತಾನೇ ವಿಧಿಸಿಕೊಂಡ ಅಳತೆಯ ಹೆಸರಾಗಿದ್ದ ಮಾತು ಈಗ ಶಿಕ್ಷೆಯ ಹೆಸರಾಗಿ ಉಳಿದಿದೆ.

ಇಂತಹುದೇ ಇನ್ನೊಂದು ಮಾತು ‘ಅಮಾನತು’. ಅರಬಿಯಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಒಡೆಯನಿಗೆ ಮರಳಿಸಲೇಬೇಕಾದ ಹೊಣೆ. ಗುತ್ತಿಗೆದಾರನ ಕೈಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವ ಭೂಮಿಗೂ ಕೆರೆಗೂ ‘ಅಮಾನಿ’ ಎಂಬ ಹೆಸರು ಬಂದದ್ದು ಇದೇ ಮೂಲದಿಂದ. ನಮ್ಮ ನಾಡಿನ ಅಮಾನಿಕೆರೆಗಳು ಅದಕ್ಕೆ ಸಾಕ್ಷಿ. ಆದರೆ ಈಗ ದಿನಪತ್ರಿಕೆಯಲ್ಲಿ ನೌಕರನೊಬ್ಬನ ಹೆಸರಿನ ಮುಂದೆ ‘ಅಮಾನತು’ ಎಂದು ಓದಿದರೆ ಅವನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರವಿಟ್ಟರೆಂದೇ ತಿಳಿಯುತ್ತೇವೆ. ಸೇವೆಗೆ ಸೇರುವ ದಿನ ಕಿವಿಗೆ ಬೀಳಬೇಕಾದ ಪದ ಸೇವೆಯಿಂದ ಹೊರಗಿಡುವ ದಿನ ಬೀಳುತ್ತಿದೆ. ನಾಯಕತ್ವ ತರಬೇತಿಯ ಸಮಸ್ಯೆಯೆಲ್ಲವೂ ಈ ಒಂದು ಪದದ ಪಲ್ಲಟದಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ.

ಆರಂಭದ ಅಧಿಕಾರಿಗಳು

ಅಧಿಕಾರವನ್ನು ಅಮಾನತ್ ಎಂದು ಬಗೆದ ಪರಂಪರೆಯು ಅಧಿಕಾರಿಗಳನ್ನು ಹೇಗೆ ತಯಾರು ಮಾಡಿತೆಂಬುದನ್ನು ಸಂಕ್ಷಿಪ್ತವಾಗಿ ನೋಡೋಣ. ಪ್ರವಾದಿ ಮುಹಮ್ಮದ್(ಸ)ರು ಮುಆದ್ ಬಿನ್ ಜಬಲ್(ರ)ರನ್ನು ಯಮನ್‌ಗೆ ಕಳುಹಿಸುವ ಮೊದಲು, ವ್ಯಾಜ್ಯವೊಂದು ಎದುರಾದರೆ ಯಾವ ಆಧಾರದ ಮೇಲೆ ತೀರ್ಪು ನೀಡುವಿರೆಂದು ಪ್ರಶ್ನಿಸಿ, ಉತ್ತರ ಕೇಳಿದ ಬಳಿಕವೇ ಬೀಳ್ಕೊಟ್ಟರೆಂದು ಹದೀಸ್ ಗ್ರಂಥಗಳು ವರದಿ ಮಾಡಿವೆ. ನೇಮಕದ ಮುಂಚಿನ ಸಂದರ್ಶನವೂ ತರಬೇತಿಯೂ ಅದೇ ಆಗಿತ್ತು. ಝಕಾತ್ ವಸೂಲಿಗೆ ಹೋದ ವ್ಯಕ್ತಿಯೊಬ್ಬ ಹಿಂತಿರುಗಿ, ಇಷ್ಟು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದಾಗ, ಅವನು ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿ(ಸ)ರು ಜನರ ಮುಂದೆಯೇ ಕೇಳಿದರು. ಕುರ್ಚಿಗೆ ಬರುವ ಉಡುಗೊರೆ ಕುರ್ಚಿಯಲ್ಲಿ ಕುಳಿತವನದಲ್ಲ ಎಂಬ ಪಾಠಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಸಿಗಲಾರದು.

ಖಲೀಫಾ ಉಮರ್(ರ)ರು ಇದನ್ನು ಒಂದು ವ್ಯವಸ್ಥೆಯಾಗಿ ರೂಪಿಸಿದರು. ರಾಜ್ಯಪಾಲರನ್ನು ನೇಮಿಸುವಾಗ ಅವರ ಆಸ್ತಿಯ ಪಟ್ಟಿ ಬರೆಸಿಕೊಳ್ಳುತ್ತಿದ್ದರು. ಹಜ್ಜ್‌ನ ಕಾಲದಲ್ಲಿ ಪ್ರಾಂತಗಳ ಅಧಿಕಾರಿಗಳನ್ನು ಕರೆಸಿ, ನೆರೆದ ಜನರ ದೂರುಗಳನ್ನು ಅವರ ಸಮ್ಮುಖದಲ್ಲೇ ಕೇಳುತ್ತಿದ್ದರು. ಅಬೂ ಮೂಸಾ ಅಶ್‌ಅರೀ(ರ)ರಿಗೆ ಅವರು ಬರೆದರೆಂದು ಪ್ರಸಿದ್ಧವಾದ ಪತ್ರವು ನ್ಯಾಯಾಧೀಶನ ಮುಖಭಾವದಲ್ಲಿಯೂ ಅವನು ಕೊಡುವ ಆಸನದಲ್ಲಿಯೂ ಇಬ್ಬರು ಕಕ್ಷಿದಾರರಿಗೂ ಸಮಾನತೆಯಿರಬೇಕೆಂದು ಆದೇಶಿಸುತ್ತದೆ. ಬಲಶಾಲಿಯು ಪಕ್ಷಪಾತವನ್ನು ನಿರೀಕ್ಷಿಸಬಾರದು, ದುರ್ಬಲನು ನ್ಯಾಯದ ಆಸೆಯನ್ನು ತೊರೆಯಬಾರದು ಎಂಬುದು ಅದರ ಉದ್ದೇಶ. ಇಲ್ಲಿ ನಾವು ಗಮನಿಸಬೇಕಾದುದು ಎರಡು: ಅಧಿಕಾರಿಗೆ ಮುಂಚಿತವಾಗಿ ಉಪದೇಶವಿತ್ತು, ಆಮೇಲೆ ಜನರ ಮುಂದೆ ಲೆಕ್ಕ ಒಪ್ಪಿಸುವ ವೇದಿಕೆಯೂ ಇತ್ತು. ಒಂದಿಲ್ಲದೆ ಇನ್ನೊಂದಕ್ಕೆ ಬಲವಿರಲಿಲ್ಲ.

ಬೀದರಿನ ಮೊಹರು

ಕರ್ನಾಟಕದ ನೆಲದಲ್ಲಿ ಈ ವಿಷಯಕ್ಕೆ ಅತ್ಯಂತ ಮಾರ್ಮಿಕವಾದ ನಿದರ್ಶನ ಬೀದರಿನದು. ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಮಹಮೂದ್ ಗವಾನನು ಬಹಮನಿ ರಾಜ್ಯದ ಪ್ರಧಾನಿಯಾಗಿ 1472ರಲ್ಲಿ ಬೀದರಿನಲ್ಲಿ ಮದರಸವನ್ನು ನಿರ್ಮಿಸಿದನು. ಮೂರು ಅಂತಸ್ತಿನ, ಬಣ್ಣದ ಹೆಂಚುಗಳಿಂದ ಅಲಂಕೃತವಾದ ಆ ಕಟ್ಟಡದ ಗ್ರಂಥಾಲಯದಲ್ಲಿ ಮೂರು ಸಾವಿರದಷ್ಟು ಹಸ್ತಪ್ರತಿಗಳಿದ್ದವೆಂದು ಪ್ರತೀತಿ. ಗವಾನನು ಪತ್ರಲೇಖನ ಶಾಸ್ತ್ರದ ಮೇಲೆ ‘ಮನಾಝಿರುಲ್ ಇನ್ಶಾ’ ಎಂಬ ಗ್ರಂಥವನ್ನೂ ರಚಿಸಿದನು. ದಫ್ತರಿನಲ್ಲಿ ಕೆಲಸ ಮಾಡುವವನು ಯಾರಿಗೆ, ಯಾವ ಧಾಟಿಯಲ್ಲಿ, ಹೇಗೆ ಬರೆಯಬೇಕೆಂದು ಕಲಿಸುವ ಕೃತಿಯದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಆಡಳಿತಗಾರರ ಕೈಪಿಡಿ.

ಆಡಳಿತದ ಸುಧಾರಣೆಯಲ್ಲಿಯೂ ಅವನು ಹಿಂದೆ ಬೀಳಲಿಲ್ಲ. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ, ಪ್ರತಿ ಪ್ರಾಂತಾಧಿಪತಿಯ ಕೈಯಲ್ಲಿ ಒಂದು ಕೋಟೆಯನ್ನು ಮಾತ್ರ ಬಿಟ್ಟು ಉಳಿದವನ್ನು ಕೇಂದ್ರದ ಅಧೀನಕ್ಕೆ ತಂದನು. ಭೂಮಿಯನ್ನು ಅಳತೆ ಮಾಡಿಸಿದನು. ಸ್ವತಃ ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದನೆಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಅಧಿಕಾರ ಮೊಟಕುಗೊಂಡ ಸರದಾರರು ಸುಮ್ಮನಿರಲಿಲ್ಲ. ಗವಾನನ ಮೊಹರನ್ನು ಕಾಯುತ್ತಿದ್ದ ಸೇವಕನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು. ಅದರ ಮೇಲೆ ಒಡಿಶಾದ ಅರಸನನ್ನು ದಂಡೆತ್ತಿ ಬರುವಂತೆ ಆಹ್ವಾನಿಸುವ ಕೃತಕ ಪತ್ರವನ್ನು ಬರೆದು ಸುಲ್ತಾನ ಮೂರನೆಯ ಮುಹಮ್ಮದ್ ಶಾಹನ ಕೈಗಿತ್ತರು. ವಿಚಾರಣೆಯಿಲ್ಲದೆ 1481ರ ಏಪ್ರಿಲ್‌ನಲ್ಲಿ ಆ ವೃದ್ಧ ಮಂತ್ರಿಯ ವಧೆಯಾಯಿತು. ಅವನ ಬೆನ್ನಿಗೇ ಬಹಮನಿ ರಾಜ್ಯವೂ ಒಡೆದುಹೋಯಿತು.

ಪತ್ರ ಬರೆಯುವ ಕಲೆಯನ್ನು ಲೋಕಕ್ಕೆ ಕಲಿಸಿದವನು ಒಂದು ಸುಳ್ಳು ಪತ್ರಕ್ಕೆ ಬಲಿಯಾದನು. ಈ ದುರಂತವನ್ನು ಅರಮನೆಯ ಪಿತೂರಿಯೆಂದಷ್ಟೇ ಓದಿದರೆ ಸಾಲದು. ತರಬೇತಿಯೆಲ್ಲವೂ ಮೇಲ್ಮಟ್ಟದಲ್ಲಿತ್ತು. ಮೊಹರು ಮಾತ್ರ ಅತ್ಯಂತ ಕೆಳಗಿನ ಸೇವಕನ ಕೈಯಲ್ಲಿತ್ತು. ಅವನಿಗೆ ಮುದ್ರೆಯೊತ್ತುವುದು ತಿಳಿದಿತ್ತು, ಅದು ಅಮಾನತ್ ಎಂಬ ಅರಿವಿರಲಿಲ್ಲ. ಇಂದು ಪಂಚಾಯಿತಿಯಲ್ಲಿ, ನಾಡಕಚೇರಿಯಲ್ಲಿ ಅಧಿಕಾರಿಯ ಡಿಜಿಟಲ್ ಸಹಿಯ ಕೀಲಿಯೇ ಮೊಹರು. ಕೆಲಸದ ಒತ್ತಡದಲ್ಲಿ ಅದನ್ನು ಮತ್ತೊಬ್ಬರ ಕೈಗಿತ್ತು ಹೊರಗೆ ಹೋಗುವ ಅಧಿಕಾರಿಯು ಬೀದರಿನ ಕಥೆಯನ್ನು ಒಮ್ಮೆ ಓದಬೇಕು.

ಮೈಸೂರಿನ ಪ್ರಯೋಗಗಳು

1763ರಲ್ಲಿ ಕೆಳದಿ ರಾಜ್ಯವು ಹೈದರಲಿಯ ವಶವಾದಾಗ ನಮ್ಮ ಸೀಮೆ ಮೈಸೂರಿಗೆ ಸೇರಿತು. ಟಿಪ್ಪು ಸುಲ್ತಾನನು ಅಮಲ್ದಾರರಿಗೆ ಹೊರಡಿಸಿದ ಕಂದಾಯದ ನಿಬಂಧನೆಗಳು 1792ರಲ್ಲೇ ಇಂಗ್ಲಿಷಿಗೆ ಅನುವಾದಗೊಂಡು ಪ್ರಕಟವಾದವು. ಅಧಿಕಾರಿಯು ರೈತರನ್ನು ಕಂಡು ಧೈರ್ಯ ಹೇಳಬೇಕು, ಬಡ ರೈತನಿಗೆ ನೇಗಿಲಿಗಾಗಿ ತಕಾವಿ ಸಾಲ ಕೊಡಿಸಬೇಕು ಎಂಬಂತಹ ಸೂಚನೆಗಳು ಅದರಲ್ಲಿವೆ. ಕಂದಾಯ ವಸೂಲಿಗಾರನು ಸಾಗುವಳಿಯ ಪೋಷಕನೂ ಆಗಿರಬೇಕೆಂಬ ನಿರೀಕ್ಷೆ ಅಲ್ಲಿತ್ತು.

ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. ಶಿಫಾರಸಿನ ಬದಲು ಯೋಗ್ಯತೆ ಮಾನದಂಡವಾದುದು ದೊಡ್ಡ ಹೆಜ್ಜೆ. ಮಾಸ್ತಿ ವೆಂಕಟೇಶ ಅಯ್ಯಂಗಾರರಂತಹವರು ಈ ಪರೀಕ್ಷೆಯ ಮೂಲಕವೇ ಸೇವೆಗೆ ಬಂದರು. ಆದರೆ ಪರೀಕ್ಷೆಯ ಬಾಗಿಲಿನವರೆಗೆ ಬರಲು ಬೇಕಾದ ಶಿಕ್ಷಣವೇ ಕೆಲವರ ಸ್ವತ್ತಾಗಿತ್ತು. ಈ ಕೊರತೆಯನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಮುಸ್ಲಿಮರೂ ಸೇರಿದಂತೆ ಹಿಂದುಳಿದ ಸಮುದಾಯಗಳಿಗೆ ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ದೊರೆಯಬೇಕೆಂದು ಸಮಿತಿ ಶಿಫಾರಸು ಮಾಡಿತು. ನಾಯಕತ್ವವನ್ನು ಕಲಿಸುವ ಮುನ್ನ, ಕಲಿಯುವ ಪಂಕ್ತಿಯಲ್ಲಿ ಯಾರಿಗೆಲ್ಲ ಜಾಗವಿದೆಯೆಂದು ನೋಡಬೇಕೆಂಬುದು ಮೈಸೂರು ಕಲಿಸಿದ ಪಾಠ. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಕಡತದಲ್ಲಿ ಕಂಡದ್ದನ್ನು ಬೀದಿಯಲ್ಲಿ ಹೋಗಿ ನೋಡುವ ಅಭ್ಯಾಸದಿಂದ ಹೆಸರಾದರು.

ಕಾಗೋಡಿನಿಂದ ನ್ಯಾಯಮಂಡಳಿಯವರೆಗೆ

ಸ್ವಾತಂತ್ರ್ಯಾನಂತರ ನಮ್ಮ ಭಾಗದ ಗೇಣಿದಾರರು ಆಡಳಿತಕ್ಕೆ ಹೊಸದೊಂದು ಪರೀಕ್ಷೆಯನ್ನೊಡ್ಡಿದರು. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಸತ್ಯಾಗ್ರಹ ನಡೆಯಿತು. ಶಾಂತವೇರಿ ಗೋಪಾಲಗೌಡರು ಅದಕ್ಕೆ ಬಲ ತುಂಬಿದರು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧಿತರಾದರು. ವಂಶಪಾರಂಪರ್ಯವಾದ ಶಾನುಭೋಗ, ಪಟೇಲರ ಹುದ್ದೆಗಳು 1963ರ ಫೆಬ್ರವರಿಯಿಂದ ರದ್ದಾಗಿ, ಸಂಬಳದ ಗ್ರಾಮಲೆಕ್ಕಿಗರು ಬಂದರು. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ತಾಲ್ಲೂಕು ಮಟ್ಟದಲ್ಲಿ ನ್ಯಾಯಮಂಡಳಿಗಳನ್ನು ತಂದಿತು. ಉಪವಿಭಾಗಾಧಿಕಾರಿಯು ಅಧ್ಯಕ್ಷ, ಅವನ ಜೊತೆಗೆ ಅಧಿಕಾರಿಗಳಲ್ಲದ ಸದಸ್ಯರು. ವಕೀಲರ ನೆರವಿಲ್ಲದ, ಓದುಬರಹವಿಲ್ಲದ ಗೇಣಿದಾರನೊಬ್ಬ ಒಡೆಯನ ಎದುರು ನಿಂತು ತನ್ನ ಮಾತು ಹೇಳಬೇಕಿತ್ತು. ಅವನ ಮಾತನ್ನು ತಾಳ್ಮೆಯಿಂದ ಕೇಳಿದ ಅಧಿಕಾರಿಯಿದ್ದೆಡೆ ಭೂಮಿ ಉಳುವವನದಾಯಿತು. ಕಾನೂನು ಎಲ್ಲೆಡೆಯೂ ಒಂದೇ ಆಗಿದ್ದರೂ ಫಲವು ಕುರ್ಚಿಯಲ್ಲಿ ಕುಳಿತವನ ಮನಸ್ಸನ್ನು ಅವಲಂಬಿಸಿತ್ತು.

ನೀರ್ ಸಾಬ್ ಮತ್ತು ಅವರ ಹೆಸರಿನ ಶಾಲೆ

ಈ ಚರಿತ್ರೆಯ ಅತ್ಯಂತ ಪ್ರಕಾಶಮಾನವಾದ ಅಧ್ಯಾಯ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರದು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು, ಬರಗಾಲದ ಆ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ, ಕೈಪಂಪುಗಳನ್ನು ತಲುಪಿಸಿ ‘ನೀರ್ ಸಾಬ್’ ಎಂದು ಜನರಿಂದ ಕರೆಸಿಕೊಂಡರು. ಬಾಯಾರಿದವನಿಗೆ ನೀರು ಕೊಡುವುದಕ್ಕಿಂತ ಮಿಗಿಲಾದ ಬಿರುದು ಮಂತ್ರಿಗೆ ಮತ್ತಾವುದಿದ್ದೀತು?

ಆದರೆ ಅವರ ಶಾಶ್ವತ ಕೊಡುಗೆ ಬೇರೆಯದು. 1983ರಲ್ಲಿ ರೂಪುಗೊಂಡು 1985ರಲ್ಲಿ ಜಾರಿಗೆ ಬಂದ ಪಂಚಾಯತ್ ಕಾಯಿದೆಯ ಪ್ರಕಾರ 1987ರ ಜನವರಿಯಲ್ಲಿ ಚುನಾವಣೆ ನಡೆದು, 19 ಜಿಲ್ಲಾ ಪರಿಷತ್ತುಗಳೂ ಎರಡೂವರೆ ಸಾವಿರಕ್ಕೂ ಮಿಕ್ಕಿದ ಮಂಡಲ ಪಂಚಾಯಿತಿಗಳೂ ಅಸ್ತಿತ್ವಕ್ಕೆ ಬಂದವು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಯಿತು. ಸಂವಿಧಾನದ 73ನೆಯ ತಿದ್ದುಪಡಿಗೆ ಇನ್ನೂ ಐದಾರು ವರ್ಷ ಬಾಕಿಯಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿಯನ್ನು ಮುಖ್ಯ ಕಾರ್ಯದರ್ಶಿಯಾಗಿ ಆ ಅಧ್ಯಕ್ಷರ ಕೈಕೆಳಗೆ ನೇಮಿಸಲಾಯಿತು. ಈ ಒಂದು ನಿರ್ಧಾರದಲ್ಲಿ ನೂರು ತರಬೇತಿ ಶಿಬಿರಗಳ ಸಾರವಿತ್ತು. ಉನ್ನತ ಪರೀಕ್ಷೆ ಪಾಸು ಮಾಡಿದ ಅಧಿಕಾರಿಯು ಹಳ್ಳಿಯ ಜನ ಆರಿಸಿ ಕಳಿಸಿದ ರೈತನಿಗೆ ಪ್ರತಿದಿನ ಉತ್ತರ ಹೇಳಬೇಕಾಯಿತು. ರೈತನಿಗೆ ಕಾನೂನು ಕಲಿಯಬೇಕಾಯಿತು. ಅಧಿಕಾರಿಗೆ ವಿನಯ ಕಲಿಯಬೇಕಾಯಿತು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಅವರ ಬಳಿಕ ಆ ವ್ಯವಸ್ಥೆಗೆ ಹಿನ್ನಡೆಯಾಯಿತು. ಅವಧಿ ಮುಗಿದ ಸಂಸ್ಥೆಗಳಿಗೆ ಸಕಾಲದಲ್ಲಿ ಚುನಾವಣೆ ನಡೆಯದೆ ಅವು ಆಡಳಿತಾಧಿಕಾರಿಗಳ ವಶಕ್ಕೆ ಹೋದವು. 1993ರ ಹೊಸ ಕಾಯಿದೆಯೊಂದಿಗೆ ಗ್ರಾಮ ಪಂಚಾಯಿತಿಗಳು ಮತ್ತೆ ಚಿಗುರಿದವು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನಿಡಲಾಗಿದೆ. ಪಂಚಾಯಿತಿಯ ಸದಸ್ಯರೂ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೂ, ಇಲಾಖೆಯ ಇತರ ನೌಕರರೂ ಅಲ್ಲಿ ತರಬೇತಿ ಪಡೆಯುತ್ತಾರೆ. ದೂರದ ತಾಲ್ಲೂಕುಗಳ ಸದಸ್ಯೆಯರು ತಮ್ಮೂರಿನ ಸಮೀಪದಲ್ಲೇ ಕುಳಿತು ಉಪಗ್ರಹದ ಮೂಲಕ ಪಾಠ ಕೇಳಿ ಪ್ರಶ್ನೆ ಕೇಳುವ ಏರ್ಪಾಡನ್ನು ಈ ಸಂಸ್ಥೆ ನಾಡಿನಲ್ಲಿ ಮೊದಲಿಗರ ಸಾಲಿನಲ್ಲಿ ನಿಂತು ಮಾಡಿತು. ಆರಿಸಿ ಬಂದವರೂ ನೇಮಕಗೊಂಡವರೂ ಒಂದೇ ಅಂಗಳದಲ್ಲಿ ಕಲಿಯುವುದು ಆ ಹೆಸರಿಗೆ ತಕ್ಕ ಗೌರವ.

ನಮ್ಮ ಪಾಲಿನ ಹೊಣೆ

ಈ ಎಲ್ಲ ನಿದರ್ಶನಗಳಿಂದ ಹೊರಡುವ ತೀರ್ಮಾನವೊಂದೇ. ಜನರಿಗೆ ಲೆಕ್ಕ ಒಪ್ಪಿಸುವ ವೇದಿಕೆಯಿಲ್ಲದಿದ್ದರೆ ನಾಯಕತ್ವದ ಪಾಠ ಕಾಗದದ ಮೇಲೆ ಉಳಿಯುತ್ತದೆ. ಕರ್ನಾಟಕದಲ್ಲಿ ಅಂತಹ ವೇದಿಕೆಗಳು ಇಲ್ಲವೆಂದಲ್ಲ. 2011ರ ‘ಸಕಾಲ’ ಕಾಯಿದೆಯು ಸೇವೆಗೆ ದಿನಗಳ ಗಡುವನ್ನು ನಿಗದಿಪಡಿಸಿ, ವಿಳಂಬ ಮಾಡಿದ ನೌಕರನಿಂದ ಪರಿಹಾರ ಕೊಡಿಸುವ ಅವಕಾಶವಿತ್ತಿದೆ. ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಗ್ರಾಮಸಭೆಯಲ್ಲಿ ಯಾರೂ ಎದ್ದು ಪ್ರಶ್ನಿಸಬಹುದು. ಉಮರ್(ರ)ರು ಹಜ್ಜ್‌ನ ಸಂದರ್ಭದಲ್ಲಿ ಕರೆಯುತ್ತಿದ್ದ ಸಭೆಯ ಉದ್ದೇಶವೇ ಇವುಗಳ ಉದ್ದೇಶವೂ ಆಗಿದೆ. ಆದರೆ ಆ ಸಭೆಗಳಲ್ಲಿ ಕುರ್ಚಿಗಳು ಖಾಲಿಯಿದ್ದರೆ ತಪ್ಪು ನೌಕರನದು ಮಾತ್ರವೇ? ಸಕಾಲದ ಸ್ವೀಕೃತಿಯನ್ನು ಕೇಳಿ ಪಡೆಯದೆ, ಮಧ್ಯವರ್ತಿಯ ಕೈಗೆ ಹಣವಿತ್ತು ಬರುವ ನಾವು ಆ ನೌಕರನಿಗೆ ಯಾವ ತರಬೇತಿ ಕೊಡುತ್ತಿದ್ದೇವೆ?

ನಮ್ಮ ಯುವಕ ಯುವತಿಯರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವುದು ಹರ್ಷದ ಸಂಗತಿ. ಮನೆಯಲ್ಲಿ ಮೊದಲ ಸರ್ಕಾರಿ ನೌಕರಿ ಬಂದಾಗ ಊರೆಲ್ಲ ಸಿಹಿ ಹಂಚುತ್ತೇವೆ. ಅದರ ಜೊತೆಗೆ ಒಂದು ಮಾತನ್ನೂ ಹೇಳಿ ಕಳುಹಿಸೋಣ: ಈ ಹುದ್ದೆ ನಿನ್ನ ಗಳಿಕೆಯಷ್ಟೇ ಅಲ್ಲ, ಜನರು ನಿನ್ನ ಕೈಯಲ್ಲಿಟ್ಟ ಅಮಾನತ್. ನಿನ್ನ ಬಳಿ ಬರುವವನ ಜಾತಿ, ಮತ, ಪಕ್ಷ ಯಾವುದೇ ಇರಲಿ, ನಿನ್ನ ಮುಖಭಾವದಲ್ಲಿ ವ್ಯತ್ಯಾಸ ಕಾಣಬಾರದು. ಉಳವಿಯ ಕಿಟಕಿಯ ಮುಂದೆ ಪೌತಿ ಖಾತೆಗಾಗಿ ನಿಂತ ಆ ತಾಯಿ, ಎರಡನೆಯ ಸಲ ಬರಬೇಕಾಗದೆ, ಯಾರ ಕೈಯನ್ನೂ ಬಿಸಿ ಮಾಡದೆ ಮನೆಗೆ ಮರಳಿದ ದಿನ ನಾಯಕತ್ವದ ತರಬೇತಿ ಸಫಲವಾಯಿತೆಂದು ತಿಳಿಯೋಣ. ಅಂತಹ ನೌಕರರನ್ನೂ, ಅವರನ್ನು ಸರಿದಾರಿಯಲ್ಲಿ ನಿಲ್ಲಿಸುವ ಎಚ್ಚರದ ನಾಗರಿಕರನ್ನೂ ಅಲ್ಲಾಹನು ನಮ್ಮ ನಾಡಿಗೆ ಅನುಗ್ರಹಿಸಲಿ.